ಮರಳಿ ಹೇಳುವ ಮನೆ

ಅಪ್ಪ ತೀರಿಕೊಂಡ ಹದಿನೆಂಟನೆಯ ದಿನ ಬ್ಯಾಟರಿ ಮಾವ ಮನೆಗೆ ಬಂದರು. ನಿವೃತ್ತ ಸೈನಿಕರ ಸಂಘದಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಅಪ್ಪನ ನೆನಪಿನ ಸಭೆ ಇಟ್ಟುಕೊಂಡಿದ್ದಾರಂತೆ, ನಾನೇ ಒಂದು ಹಾಳೆ ಬರೆದು ಓದಬೇಕಂತೆ. ಮಾವನಿಗೆ ಬಲಗಿವಿ ಕೇಳುವುದಿಲ್ಲ, ಎಡಗಿವಿ ಮನಸ್ಸು ಬಂದಾಗ ಕೇಳುತ್ತದೆ. ಹಾಗಾಗಿ ಅವರು ನಮ್ಮ ಮನೆಯೊಳಗೆ ಆಡಿದ್ದೆಲ್ಲ ಎದುರುಮನೆಯವರಿಗೂ ಗೊತ್ತಾಗುತ್ತದೆ. ಅಪ್ಪ ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದಾಗ ಆ ವೈರ್‌ಲೆಸ್ ಪೆಟ್ಟಿಗೆಯ ಬ್ಯಾಟರಿಗಳನ್ನು ಬೆನ್ನ ಮೇಲೆ ಹೊತ್ತು ಅವರ ಹಿಂದೆಯೇ ಬೆಟ್ಟ ಹತ್ತಿದವರು ಇವರು. ಹೆಸರು ಆಗ ಬಿದ್ದದ್ದು, ಈಗ ಅವರ ಮೊಮ್ಮಕ್ಕಳೂ ಅವರನ್ನು ಬ್ಯಾಟರಿ ತಾತ ಎಂದೇ ಕರೆಯುತ್ತಾರೆ.

“ಐದು ನಿಮಿಷ ಸಾಕಮ್ಮ,” ಎಂದರು. “ಅದಕ್ಕಿಂತ ಜಾಸ್ತಿ ಆದ್ರೆ ನಮ್ಮೋರಲ್ಲಿ ಅರ್ಧ ಜನ ನಿದ್ದೆ ಹೋಗ್ತಾರೆ. ಇನ್ನರ್ಧ ಜನಕ್ಕೆ ಮೊದಲಿಂದಾನೇ ಕೇಳ್ಸಿರಲ್ಲ.”

ಅಮ್ಮ ನಕ್ಕಳು. ಹದಿನೆಂಟು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ನನ್ನತ್ತ ತಿರುಗಿ, “ಒಂದು ಮಾತು ಮಾತ್ರ ಬರೀಲೇಬೇಕು. ಯಾರಿಗೂ ಏನೂ ಹೇಳ್ದೆ ಹೋದ್ರು ಅಂತ. ಅದನ್ನ ಬಿಡ್ಬೇಡ,” ಎಂದಳು.

ನಾನು ಮರಳಿ ಹೇಳಿದೆ. “ಭಾನುವಾರ ನಾಲ್ಕಕ್ಕೆ. ಒಂದು ಹಾಳೆ, ಐದು ನಿಮಿಷ. ಯಾರಿಗೂ ಏನೂ ಹೇಳ್ದೆ ಹೋದ್ರು ಅಂತ ಬರೀಬೇಕು. ತಲುಪಿತು.”

ಕೊನೆಯ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಯಾಕೆಂದರೆ ಅಪ್ಪ ಹೇಳಿಯೇ ಹೋಗಿದ್ದರು. ನನಗೆ ಹೇಳಿದ್ದರು.

ಮರಳಿ ಹೇಳುವುದು ನಮ್ಮ ಮನೆಯ ರೂಢಿ. ಯಾರು ಏನು ಹೇಳಿದರೂ ಕೇಳಿಸಿಕೊಂಡವರು ಅದನ್ನು ಪೂರ್ತಿಯಾಗಿ ಮರಳಿ ಹೇಳಿ ಕೊನೆಗೆ ‘ತಲುಪಿತು’ ಎನ್ನಬೇಕು. ಹೂಂ ಎಂದರೆ ಸಾಲದು, ತಲೆಯಾಡಿಸಿದರಂತೂ ಲೆಕ್ಕಕ್ಕೇ ಇಲ್ಲ. ಬರುವಾಗ ಸೋಪು ತಾ ಎಂದರೆ, ಬರುವಾಗ ಸೋಪು ತರುತ್ತೇನೆ, ತಲುಪಿತು. ನನ್ನ ಗಂಡ ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತು ಸ್ವಲ್ಪ ಉಪ್ಪು ಎಂದದ್ದಕ್ಕೆ ಮೂರು ದಿಕ್ಕಿನಿಂದ “ಸ್ವಲ್ಪ ಉಪ್ಪು” ಎಂದು ಕೇಳಿಬಂದು, ಇದೇನು ಮನೆಯೋ ಬಾವಿಯೋ ಎಂದು ಆಮೇಲೆ ನನ್ನನ್ನು ಕೇಳಿದ್ದರು. ಅಮ್ಮನದು ಬೇರೆಯೇ ದೂರು. “‘ನಿಮ್ಮ ಜೊತೆ ಇನ್ನು ಮಾತಾಡಲ್ಲ’ ಅಂದ್ರೆ, ‘ನನ್ನ ಜೊತೆ ಇನ್ನು ಮಾತಾಡಲ್ಲ, ತಲುಪಿತು’ ಅಂತಾರೆ. ಇಂಥೋರ ಜೊತೆ ಜಗಳ ಆಡೋದಾದ್ರೂ ಹೇಗೆ?” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುವಾಗ ದನಿಯಲ್ಲಿ ದೂರಿಗಿಂತ ಜಂಬವೇ ಹೆಚ್ಚಿರುತ್ತಿತ್ತು.

ಈ ವಿದ್ಯೆಯಲ್ಲಿ ಮನೆಗೆಲ್ಲ ನಾನೇ ಮುಂದು. ಏಳು ವರ್ಷದವಳಿದ್ದಾಗ ಅಪ್ಪ ಬೇಕೆಂದೇ ಉದ್ದುದ್ದ ಸಂದೇಶ ಕೊಡುತ್ತಿದ್ದರು: ಅಟ್ಟದ ಮೇಲೆ ಕೆಂಪು ಪೆಟ್ಟಿಗೆ, ಅದರೊಳಗೆ ಮೂರು ಬೀಗ, ಎರಡಕ್ಕೆ ಮಾತ್ರ ಕೀಲಿ, ಮೂರನೆಯದರ ಕೀಲಿ ನಿನ್ನಮ್ಮನ ಹತ್ತಿರ, ಕೇಳಿದರೆ ಬೈಯುತ್ತಾಳೆ. ತಮ್ಮ ಅರ್ಧ ದಾರಿಯಲ್ಲೇ ಬೀಗ ಕಳೆದುಕೊಂಡು ಅಳುತ್ತಿದ್ದ. ನಾನು ಬೈಗುಳದವರೆಗೂ ಮುಟ್ಟಿಸುತ್ತಿದ್ದೆ. ಅಪ್ಪ ನನ್ನ ತಲೆ ನೇವರಿಸಿ, ಇವಳೊಬ್ಬಳಿದ್ದರೆ ನನಗೆ ವೈರ್‌ಲೆಸ್ ಪೆಟ್ಟಿಗೆಯೇ ಬೇಡ ಎನ್ನುತ್ತಿದ್ದರು. ಆ ಮಾತಿಗಾಗಿ ನಾನು ಏನು ಬೇಕಾದರೂ ನೆನಪಿಟ್ಟುಕೊಳ್ಳುತ್ತಿದ್ದೆ.

ಬ್ಯಾಟರಿ ಮಾವ ಹೋದ ಮೇಲೆ ಹಾಳೆ ಮುಂದಿಟ್ಟುಕೊಂಡು ಕೂತೆ. ಅಪ್ಪನ ಬಗ್ಗೆ ಬರೆಯುವುದು ಕಷ್ಟದ ಕೆಲಸವೇನಲ್ಲ. ಹದಿನೇಳು ವರ್ಷ ಸೈನ್ಯ. ಆಮೇಲೆ ಇಪ್ಪತ್ತೆರಡು ವರ್ಷ ಬಸ್ ಡಿಪೋದ ಗಾಜಿನ ಕೋಣೆಯಲ್ಲಿ ಮೈಕು ಹಿಡಿದು ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವ ಕೆಲಸ. ಅಲ್ಲಿಯೂ ಡ್ರೈವರುಗಳು ಕಿಟಕಿಗೆ ಬಂದು ಬಸ್ಸಿನ ಸಂಖ್ಯೆ, ದಾರಿ, ಹೊತ್ತು ಮೂರನ್ನೂ ಮರಳಿ ಹೇಳದೆ ಗಾಡಿ ತೆಗೆಯುವಂತಿರಲಿಲ್ಲ. ಮೊದಲ ತಿಂಗಳು ಬೆನ್ನ ಹಿಂದೆ ಬೈದರಂತೆ. ಅಪ್ಪ ನಿವೃತ್ತರಾದ ದಿನ ಹೊಸಬ ಮರಳಿ ಹೇಳಿಸಿಕೊಳ್ಳಲಿಲ್ಲವೆಂದು ಅದೇ ಡ್ರೈವರುಗಳು ಕಿಟಕಿ ಬಿಟ್ಟು ಕದಲಲಿಲ್ಲವಂತೆ.

ಮನೆಯಲ್ಲಿ ಸೂಜಿ ದಾರದ ಕೆಲಸವೆಲ್ಲ ಅಪ್ಪನದೇ. ಸೈನ್ಯದಲ್ಲಿ ಗುಂಡಿ ತಾನೇ ಹೊಲಿದುಕೊಳ್ಳದವನು ಗುಂಡಿಯಿಲ್ಲದೆ ಓಡಾಡಬೇಕು ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಎಲ್ಲರ ಅಂಗಿಗಳನ್ನೂ ಸಾಲಾಗಿ ಹಾಸಿಕೊಂಡು ಒಂದೊಂದೇ ಗುಂಡಿ ಎಳೆದು ಪರೀಕ್ಷಿಸುತ್ತಿದ್ದರು. ಗಟ್ಟಿಯಿದ್ದದ್ದು ಸಡಿಲವಾಗುತ್ತಿದ್ದದ್ದು ಆ ಪರೀಕ್ಷೆಯಿಂದಲೇ ಎಂದು ಅಮ್ಮನ ವಾದ. ಅಮ್ಮ ಜ್ವರದಿಂದ ಇಪ್ಪತ್ತು ದಿನ ಮಲಗಿದ್ದಾಗ ನನ್ನ ಜಡೆ ಹಾಕಿದವರೂ ಅವರೇ. ಎಷ್ಟು ಬಿಗಿ ಎಂದರೆ ಹುಬ್ಬುಗಳು ಮೇಲೆದ್ದು ಇಡೀ ದಿನ ಆಶ್ಚರ್ಯಪಟ್ಟವಳಂತೆ ಶಾಲೆಯಲ್ಲಿ ಕೂತಿರುತ್ತಿದ್ದೆ. ಟೀಚರು ಎರಡು ಸಲ ಏನಾಯಿತು ಎಂದು ಕೇಳಿದ್ದರು.

ಇಷ್ಟನ್ನೂ ಸಲೀಸಾಗಿ ಬರೆದೆ. ಯುದ್ಧದ ಬಗ್ಗೆ ಬರೆಯುವಲ್ಲಿ ಪೆನ್ನು ನಿಂತಿತು.

ಯುದ್ಧದ ಕಥೆ ಹೇಳಿ ಎಂದು ಪೀಡಿಸಿದರೆ ಅಪ್ಪ ಕಾಲುಚೀಲ ತಿನ್ನುತ್ತಿದ್ದ ಹೇಸರಗತ್ತೆಯ ಕಥೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ನಿಜವಾದದ್ದನ್ನು ಹೇಳಿದ್ದು ಒಮ್ಮೆ ಮಾತ್ರ, ಅದೂ ನನ್ನ ಬಾಯಿಯ ದೆಸೆಯಿಂದ. ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಗೆಳತಿಯರ ಎದುರಿಗೆ ಅಪ್ಪ ಏನೋ ಹೇಳಿ ಮರಳಿ ಹೇಳು ಎಂದಾಗ, ನಾನೇನು ಗಿಣಿಯಾ ಎಂದುಬಿಟ್ಟೆ. ಗೆಳತಿಯರು ಹೋದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು, ನನ್ನ ಮುಖ ನೋಡದೆ ಹೇಳಿದರು. ಸೇತುವೆ ಒಡೆದಿದೆ, ಆ ದಾರಿಗೆ ಲಾರಿ ಬಿಡಬೇಡಿ ಎಂಬ ಸಂದೇಶ ಅವರ ಕೈಗೆ ಬಂದಿತ್ತು. ಕಳಿಸಿದರು. ಆ ಕಡೆಯಿಂದ ಮರುಮಾತು ಬರಲಿಲ್ಲ. ಹಿಂದೆ ಇನ್ನೂ ಆರೇಳು ಸಂದೇಶಗಳು ಕಾಯುತ್ತಿದ್ದವು. ತಲುಪಿರುತ್ತದೆ ಎಂದುಕೊಂಡು ಮುಂದಿನದಕ್ಕೆ ಹೋದರು. ತಲುಪಿರಲಿಲ್ಲ. ಲಾರಿಯಲ್ಲಿ ಐದು ಜನ ಇದ್ದರು.

“ನನ್ನ ತಪ್ಪು ಅಂತ ಯಾರೂ ಅನ್ನಲಿಲ್ಲ,” ಎಂದರು ಅಪ್ಪ. “ಬ್ಯಾಟರಿ ಪಕ್ಕದಲ್ಲೇ ಇದ್ದ. ಅವನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.”

ಆ ಐವರಲ್ಲಿ ಒಬ್ಬರ ಹೆಂಡತಿಗೆ ಅವರು ಪ್ರತಿ ವರ್ಷ ಕಾಗದ ಬರೆಯುತ್ತಿದ್ದರು. ಕಾಗದದಲ್ಲಿ ಏನಿರುತ್ತಿತ್ತೋ ನನಗೆ ತಿಳಿಯದು. ಅಂದಿನಿಂದ ನಾನು ಯಾರ ಎದುರಿಗಾದರೂ ಸರಿ, ಮರಳಿ ಹೇಳದೆ ಬಿಟ್ಟದ್ದಿಲ್ಲ. ಅದೇ ನನಗೆ ಅನ್ನವನ್ನೂ ಕೊಟ್ಟಿತು. ಇಪ್ಪತ್ನಾಲ್ಕು ವರ್ಷದಿಂದ ಆಸ್ಪತ್ರೆಯೊಂದರ ದೂರವಾಣಿ ಮೇಜಿನಲ್ಲಿದ್ದೇನೆ. ಕಿವಿಗೆ ಹೆಡ್‌ಫೋನು, ಮುಂದೆ ಕಂಪ್ಯೂಟರು, ಪಕ್ಕದಲ್ಲಿ ಚೀಟಿಗಳ ಕಟ್ಟು. ಜನ ತಮ್ಮ ನೋವು ಹೇಳುತ್ತಾರೆ, ನಾನು ಮರಳಿ ಹೇಳಿ ಯಾವ ಡಾಕ್ಟರು, ಎಷ್ಟು ಗಂಟೆ ಎಂದು ತಿಳಿಸುತ್ತೇನೆ. ಹೊಸ ಹುಡುಗಿಯರು ಸೇರಿದಾಗ ಮೇಲಿನವರು ಅವರನ್ನು ಮೊದಲ ವಾರ ನನ್ನ ಪಕ್ಕದಲ್ಲೇ ಕೂರಿಸುತ್ತಾರೆ. ಕೇಳಿಸಿಕೊಳ್ಳೋದು ಅಂದರೆ ಹೀಗೆ ಎಂದು ತೋರಿಸುತ್ತಾರೆ.

ಅಪ್ಪ ತೀರಿಕೊಂಡದ್ದು ಒಂದು ಸೋಮವಾರ. ಪಕ್ಕದ ಮೇಜಿನವಳು ರಜೆ ಹಾಕಿದ್ದಳು. ಐದು ಕರೆಗಳು ಒಟ್ಟಿಗೆ ಮಿನುಗುತ್ತಿದ್ದವು. ಕೆಲಸದ ವೇಳೆ ನಮ್ಮ ಮೊಬೈಲುಗಳು ಬೀರುವಿನಲ್ಲಿರುತ್ತವೆ. ಅದು ಅಪ್ಪನಿಗೆ ಗೊತ್ತು, ಆದ್ದರಿಂದ ಆಸ್ಪತ್ರೆಯ ನಂಬರಿಗೇ ಮಾಡಿ ಸಾಲಿನಲ್ಲಿ ಕಾದು ಬಂದಿದ್ದರು. ದನಿ ಗುರುತು ಸಿಕ್ಕಿತು. ಹೇಳಿ ಅಪ್ಪ ಎಂದೆ. ಅವರು ಎಂದಿನಂತೆ ಬಿಡಿಬಿಡಿಯಾಗಿ, ಆತುರವಿಲ್ಲದೆ ಹೇಳಿದರು. ಬೆಳಿಗ್ಗೆಯಿಂದ ಎಡಭುಜದಿಂದ ಮೊಣಕೈವರೆಗೆ ಜೋಮು ಹಿಡಿದ ಹಾಗಿದೆ. ಫ್ಯಾನ್ ಕೆಳಗೆ ಕೂತರೂ ಬೆವರುತ್ತಿದೆ. ನಿನ್ನಮ್ಮನಿಗೆ ಹೇಳಬೇಡ, ಗಾಬರಿಯಾಗುತ್ತಾಳೆ.

ನಾನು ಮರಳಿ ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ. ತಲುಪಿತು ಎಂದೆ.

ಅವರು “ಸರಿ” ಎಂದರು. ಆ ‘ಸರಿ’ಯಲ್ಲಿ ಸಮಾಧಾನವಿತ್ತು.

ನಾನು ಮುಂದಿನ ಕರೆ ತೆಗೆದುಕೊಂಡೆ.

ಮಧ್ಯಾಹ್ನ ನೋಡೋಣ ಎಂದುಕೊಂಡೆನೆ, ಸಂಜೆ ಹೋದರಾಯಿತು ಎಂದುಕೊಂಡೆನೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹಾಗೆ ಏನಾದರೂ ಅಂದುಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ನಾನು ಏನೂ ಅಂದುಕೊಳ್ಳಲಿಲ್ಲ. ಮರಳಿ ಹೇಳಿದ ಕೂಡಲೇ ಅದು ಮುಗಿದ ಕೆಲಸಗಳ ಕಡೆಗೆ ಹೋಯಿತು. ಮುಂದಿನ ಕರೆ ಒಬ್ಬ ಹೆಂಗಸಿನದು, ಮಗುವಿಗೆ ಎರಡು ದಿನದಿಂದ ಕಿವಿ ನೋವು, ಮೂರೂವರೆಗೆ ಕೊಟ್ಟೆ. ಅದು ಚೆನ್ನಾಗಿ ನೆನಪಿದೆ.

ಒಂದು ಗಂಟೆಗೆ ತಮ್ಮನ ಕರೆ ಬಂತು. ಅವನೂ ನಾದಿನಿಯೂ ಅಪ್ಪ ಅಮ್ಮನ ಜೊತೆಗೇ ಇರುವವರು, ಆದರೆ ಹಗಲು ಇಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಅಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ ಕೆಳಗೆ ಬಂದು, ಟೀ ಮಾಡಿಕೊಟ್ಟು, ಅಡುಗೆಗೆ ಹೋಗಿದ್ದಳಂತೆ. ಹನ್ನೆರಡೂಕಾಲಿಗೆ ಊಟಕ್ಕೆ ಕರೆದರೆ ಅಪ್ಪ ಏಳಲಿಲ್ಲವಂತೆ. ತೊಡೆಯ ಮೇಲೆ ಮೊಮ್ಮಗಳ ಶಾಲೆಯ ಚೀಲ. ಕಿತ್ತ ಪಟ್ಟಿಯನ್ನು ಹೊಲಿಯುತ್ತಿದ್ದರು. ಸೂಜಿ ಪಟ್ಟಿಯಲ್ಲೇ ಇತ್ತು.

ಆ ಸಂಜೆ ಕೆಲಸದ ಮೇಜಿನಿಂದ ನನ್ನ ಪರ್ಸು ತರಲು ಹೋದವಳು ಚೀಟಿಗಳ ಕಟ್ಟನ್ನು ನೋಡಿದೆ. ನನ್ನದೇ ಕೈಬರಹ. ‘ಎಡಭುಜ–ಮೊಣಕೈ. ಬೆವರು. ಅಮ್ಮನಿಗೆ ಬೇಡ. 10.20.’ ಬೇರೆ ರೋಗಿಗಳದ್ದನ್ನು ಬರೆದುಕೊಳ್ಳುವ ಹಾಗೆಯೇ ಬರೆದುಕೊಂಡಿದ್ದೆ. ಆ ಚೀಟಿಯನ್ನು ಕಟ್ಟಿನಿಂದ ಕಿತ್ತು ಪರ್ಸಿನಲ್ಲಿಟ್ಟೆ. ಎಸೆಯಲಿಕ್ಕೂ ಆಗಲಿಲ್ಲ, ತೆಗೆದು ನೋಡಲಿಕ್ಕೂ ಆಗಲಿಲ್ಲ.

ಗಂಡನಿಗೆ ಹೇಳಲಿಲ್ಲ. ಅವರು ಒಳ್ಳೆಯವರು, ನಿನ್ನ ತಪ್ಪೇನಿದೆ ಎಂದುಬಿಡುತ್ತಾರೆ. ಆ ಮಾತು ಕೇಳಲು ನನಗೆ ಧೈರ್ಯವಿರಲಿಲ್ಲ. ತಮ್ಮನಿಗೆ ಹೇಳಿದರೆ ಅವನು ಏನೂ ಅನ್ನದೆ ಎದ್ದು ಹೊರಗೆ ಹೋಗುತ್ತಾನೆ, ಮತ್ತೆ ಯಾವಾಗ ಒಳಗೆ ಬರುತ್ತಾನೆಂದು ಹೇಳಲಾಗದು. ಉಳಿದವಳು ಅಮ್ಮ.

ಅಮ್ಮ ಅಪ್ಪನ ಮೊಬೈಲನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಅದು ಇರುತ್ತಿತ್ತು, ಅಪ್ಪ ಈಗಷ್ಟೇ ಸ್ನಾನಕ್ಕೆ ಹೋಗಿದ್ದಾರೆ ಎಂಬ ಹಾಗೆ. ಯಾಕಮ್ಮಾ ಎಂದು ತಮ್ಮ ಕೇಳಿದ್ದಕ್ಕೆ, ಯಾರಾದರೂ ಮಾಡಬಹುದಲ್ಲ ಎಂದಿದ್ದಳು. ಮೊಮ್ಮಗಳ ಚೀಲವನ್ನೂ ಹಾಗೆಯೇ ಗೂಟಕ್ಕೆ ತೂಗುಹಾಕಿದ್ದಳು. ಪಟ್ಟಿ ಮುಗಿಸಲು ನಾದಿನಿಗೂ ಬಿಟ್ಟಿರಲಿಲ್ಲ. ಮಗು ಹಳೆಯ ಚೀಲ ಹೊತ್ತು ಶಾಲೆಗೆ ಹೋಗುತ್ತಿತ್ತು.

ಜೊತೆಗೆ ಅವಳದು ಒಂದೇ ಪ್ರಶ್ನೆ. ನಾನು ಕೆಲಸ ಮುಗಿಸಿ ಅಲ್ಲಿಗೆ ಹೋದಾಗಲೆಲ್ಲ, ಚಪ್ಪಲಿ ಬಿಡುವುದಕ್ಕೂ ಮೊದಲೇ ಎಂಬಂತೆ, ಬೇರೇನೋ ಮಾತಿನ ನಡುವೆ ಅಮ್ಮ ಕೇಳುತ್ತಿದ್ದಳು. ಅವರು ಯಾರಿಗಾದರೂ ಏನಾದರೂ ಹೇಳಿರಬಹುದಾ? ಅಂಗಡಿಗೆ ಹೋಗುವಾಗಲೂ ಮೂರು ಸಲ ಹೇಳಿ ಹೋಗುತ್ತಿದ್ದ ಮನುಷ್ಯ. ನಿನಗೇನಾದರೂ ಅನ್ನಿಸುತ್ತಾ? ನಾನು ಇಲ್ಲಮ್ಮ ಎನ್ನುತ್ತಿದ್ದೆ. ಅಮ್ಮನಿಗೆ ಹೇಳಬೇಡ ಎಂದಿದ್ದರಲ್ಲ, ಅವರ ಮಾತನ್ನೇ ಪಾಲಿಸುತ್ತಿದ್ದೇನೆ ಎಂದು ಒಳಗೊಳಗೆ ವಾದ ಹೂಡಿಕೊಂಡಿದ್ದೆ. ಅಪ್ಪನ ಮೇಲೂ ಸಿಟ್ಟಿತ್ತು. ಮನೆಯಲ್ಲೇ ಹೆಂಡತಿ ಇರುವಾಗ, ಎರಡು ಬೀದಿ ಆಚೆ ಕ್ಲಿನಿಕ್ ಇರುವಾಗ, ಊರ ಆ ತುದಿಯಲ್ಲಿರುವ ನನಗೆ ಯಾಕೆ ಹೇಳಬೇಕಿತ್ತು? ಉತ್ತರ ನನಗೆ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಮರಳಿ ಹೇಳುವವಳು ನಾನು.

ಒಂದು ದಿನ ಅಮ್ಮ ಹೇಳಿದ ಮಾತು ಆ ವಾದವನ್ನೂ ಕಿತ್ತುಹಾಕಿತು. ಅಪ್ಪ ಯಾವಾಗಲೂ ಹೊಲಿಗೆಗೆ ಕೂರುತ್ತಿದ್ದದ್ದು ದೀಪದ ಕೆಳಗಿನ ಬೆಂಚಿನ ಮೇಲೆ. ಅಂದು ಮಾತ್ರ ಕುರ್ಚಿಯನ್ನು ಮುಂದಿನ ಕಿಟಕಿಯವರೆಗೆ ಎಳೆದುಕೊಂಡು ಹೋಗಿ ಗೇಟಿಗೆ ಮುಖ ಮಾಡಿ ಕೂತಿದ್ದರಂತೆ. ಟೀ ಕೊಟ್ಟಾಗ ಲೋಟ ತೆಗೆದುಕೊಂಡು, ಕಪ್ಪು ದಾರ ಎಲ್ಲಿದೆ ಎಂದು ಕೇಳಿ, ಮತ್ತೆ ಹೊರಗೆ ನೋಡಿದರಂತೆ.

“ಯಾರಿಗೋ ಕಾಯ್ತಿದ್ದ ಹಾಗಿತ್ತು,” ಎಂದಳು ಅಮ್ಮ.

ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಕಾಯುತ್ತಿದ್ದದ್ದು ನನಗಾಗಿ. ಕೊಟ್ಟ ಸಂದೇಶ ಅಕ್ಷರ ತಪ್ಪದೆ ಮರಳಿ ಬಂದಿತ್ತು. ಅವರ ಜೀವಮಾನದಲ್ಲಿ ಹಾಗೆ ಮರಳಿ ಬಂದದ್ದು ಎಂದೂ ಹುಸಿಹೋಗಿರಲಿಲ್ಲ. ಇನ್ನು ಅವರು ಮಾಡಬೇಕಾದ್ದು ಕಾಯುವುದಷ್ಟೇ ಆಗಿತ್ತು. ಎರಡು ಗಂಟೆ ಹೊತ್ತು ಚೀಲ ಹೊಲಿಯುತ್ತ ಕಾದರು.

ಶನಿವಾರ ಮಧ್ಯಾಹ್ನ ಹಾಳೆ ಬರೆದು ಮುಗಿಸಿ ಅಮ್ಮನ ಮನೆಗೆ ಹೋದೆ. ತಮ್ಮ, ನಾದಿನಿ ಮಗುವನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಅಮ್ಮ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಪ್ಪನ ಎರಡು ಅಂಗಿಗಳೂ ಅದರಲ್ಲಿದ್ದವು. ಯಾರೂ ಹಾಕದಿದ್ದರೂ ಒಗೆದಿದ್ದಳು.

“ಓದು, ಕೇಳೋಣ,” ಎಂದಳು. “ನಾಳೆ ಎಲ್ಲರ ಮುಂದೆ ತಪ್ಪಬಾರದು.”

ನಾನು ಓದಿದೆ. ಡ್ರೈವರುಗಳ ಮಾತು ಬಂದಾಗ ಅವಳು ಮುಗುಳ್ನಕ್ಕಳು. ಜಡೆಯ ಮಾತು ಬಂದಾಗ, ಆ ದಿನಗಳಲ್ಲಿ ನಿನ್ನ ಮುಖ ನೋಡಿಯೇ ನನ್ನ ಜ್ವರ ಇಳಿಯಿತು ಎಂದಳು. ಸೇತುವೆಯ ವಿಷಯ ನಾನು ಬರೆದಿರಲಿಲ್ಲ. ಕೊನೆಯ ಪ್ಯಾರಾಕ್ಕೆ ಬಂದೆ. ‘ಅಂದು ಅವರು ಮೊಮ್ಮಗಳ ಚೀಲ ಹೊಲಿಯುತ್ತಿದ್ದರು. ಯಾರಿಗೂ’ ಎಂಬಲ್ಲಿಗೆ ಹಾಳೆ ಕೆಳಗಿಳಿಸಿದೆ.

ಅಮ್ಮ ಅಂಗಿಯ ತೋಳನ್ನು ಮಡಿಸಿ ಕಾದಳು.

“ಮುಂದೆ ಓದು.”

“ಆಗಲ್ಲಮ್ಮ.”

“ಯಾಕೆ?”

ಪರ್ಸಿನಿಂದ ಚೀಟಿ ತೆಗೆದು ಅವಳ ಮುಂದೆ, ಅಪ್ಪನ ಅಂಗಿಯ ಮೇಲಿಟ್ಟೆ. ಅದರಲ್ಲಿ ಏನಿದೆಯೋ ಅದನ್ನು ಬಾಯಲ್ಲೂ ಹೇಳಿದೆ. ಅವರು ಹೇಳಿದ್ದು, ನಾನು ಮರಳಿ ಹೇಳಿದ್ದು, ಮಗುವಿನ ಕಿವಿ ನೋವಿನ ಕರೆ, ಎಲ್ಲವನ್ನೂ. ನನಗೆ ಅಳು ಬರಲಿಲ್ಲ. ಕೆಲಸದ ದನಿಯಲ್ಲೇ ಹೇಳುತ್ತಿದ್ದೇನೆ ಎಂದು ಅರ್ಧದಲ್ಲಿ ಗೊತ್ತಾಯಿತು. ಆದರೆ ಬೇರೆ ದನಿ ಎಲ್ಲಿಂದ ತರಬೇಕೋ ತಿಳಿಯಲಿಲ್ಲ.

ಅಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ತಂದುಕೊಂಡು ಓದಿದಳು. ಆಮೇಲೆ ನಮ್ಮ ಮನೆಯ ರೂಢಿಯಂತೆ ಮರಳಿ ಹೇಳಿದಳು, ನಿಧಾನವಾಗಿ, ಚಿಕ್ಕ ಮಗು ಪಾಠ ಒಪ್ಪಿಸುವ ಹಾಗೆ. “ಎಡಭುಜದಿಂದ ಮೊಣಕೈವರೆಗೆ ಜೋಮು. ಫ್ಯಾನ್ ಕೆಳಗೂ ಬೆವರು. ಅಮ್ಮನಿಗೆ ಹೇಳ್ಬೇಡ.” ಅಲ್ಲಿಗೆ ನಿಲ್ಲಿಸಿದಳು. ತಲುಪಿತು ಎನ್ನಲಿಲ್ಲ.

“ಐವತ್ತೆರಡು ಸೆಕೆಂಡು,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಹಲಗೆಯ ಮೇಲಿದ್ದ ಮೊಬೈಲಿನ ಕಡೆ ಕೈ ತೋರಿಸಿದಳು. “ಅವರು ಹೋದ ಮಾರನೇ ದಿನ ನೋಡ್ದೆ. ‘ಮಗಳು ಆಫೀಸು’ ಅಂತಿತ್ತು. ಹತ್ತೂ ಇಪ್ಪತ್ತು, ಐವತ್ತೆರಡು ಸೆಕೆಂಡು. ಅಷ್ಟೊತ್ತು ಏನೋ ಮಾತಾಡಿದ್ದಾರೆ ಅಂತ ಗೊತ್ತಿತ್ತು. ಏನು ಅಂತ ಗೊತ್ತಿರ್ಲಿಲ್ಲ.”

“ಹಾಗಾದ್ರೆ ದಿನಾ ಕೇಳ್ತಿದ್ದದ್ದು…”

“ನೀನೇ ಹೇಳ್ಲಿ ಅಂತ ಕೇಳ್ತಿದ್ದೆ. ಒಂದಲ್ಲ, ಎರಡಲ್ಲ. ಹೋಗ್ಲಿ, ಆ ಸಾಲು ಬರಿ ಅಂದ್ರಾದ್ರೂ ಬಾಯಿ ಬಿಡ್ತೀಯೇನೋ ಅಂದ್ಕೊಂಡೆ.”

“ನಿನಗೆ ಹೇಳ್ಬೇಡ ಅಂದಿದ್ರಮ್ಮ.”

“ಸತ್ತ ಮೇಲೂನಾ?”

ಅಮ್ಮ ಮಡಿಸಿದ ಅಂಗಿಯನ್ನು ಬಿಚ್ಚಿ, ಕೊಡವಿ, ಮತ್ತೆ ಮೊದಲಿನಿಂದ ಮಡಿಸತೊಡಗಿದಳು. ಮಾತಾಡಿದಾಗ ನನ್ನ ಕಡೆ ನೋಡಲಿಲ್ಲ. ಅವಳ ಸಿಟ್ಟು ನನ್ನೊಬ್ಬಳ ಮೇಲಲ್ಲವಂತೆ. ನಲವತ್ತೊಂಬತ್ತು ವರ್ಷ ಒಟ್ಟಿಗೆ ಇದ್ದ ಮನುಷ್ಯ, ಕೈಗೆ ಟೀ ಕೊಟ್ಟವಳನ್ನು ಕಪ್ಪು ದಾರ ಎಲ್ಲಿ ಎಂದು ಕೇಳಿದರೇ ಹೊರತು ತೋಳು ನೋಯುತ್ತಿದೆ ಎನ್ನಲಿಲ್ಲ. ತಾನು ಆ ದಾರವನ್ನು ಹುಡುಕಿ, ಸೂಜಿಗೆ ಪೋಣಿಸಿಯೂ ಕೊಟ್ಟಳಂತೆ. ಬೆವರು ಕಂಡಿತ್ತಂತೆ. ಸೆಕೆ ಎಂದುಕೊಂಡಳಂತೆ.

“ನಿನಗೆ ಹೇಳಿದ್ರು, ನೀನು ಬರ್ಲಿಲ್ಲ. ನನಗೆ ಕಾಣಿಸ್ತು, ನಾನು ಕೇಳ್ಲಿಲ್ಲ,” ಎಂದಳು. ಅಂಗಿಯ ಕಾಲರು ಸರಿಮಾಡಿ, “ಆದ್ರೆ ನಿನ್ನದು ಬೇರೆ,” ಎಂದು ಸೇರಿಸಿದಳು.

ಅದು ನಿಜ. ಅದನ್ನು ಅವಳು ಹೇಳಿದ್ದರಿಂದ ನನಗೆ ಉಸಿರಾಡಲು ಒಂದಿಷ್ಟು ಜಾಗ ಸಿಕ್ಕಿತು. ಅಂದಿದ್ದರೆ ಚೆನ್ನಾಗಿತ್ತು ಎಂದು ಮೆಟ್ಟಿಲ ಮೇಲೆ ಕೂತು ಅಪ್ಪ ಹೇಳಿದ್ದು ನೆನಪಾಯಿತು. ನಾಳೆ ಏನು ಓದಲಿ ಎಂದು ಕೇಳಿದೆ. ನಿನ್ನ ಹಾಳೆ, ನಿನ್ನ ಇಷ್ಟ ಎಂದಳು. ಚೀಟಿಯನ್ನು ನನಗೆ ಮರಳಿ ಕೊಡಲಿಲ್ಲ. ಅಪ್ಪನ ಅಂಗಿಯ ಜೇಬಿನಲ್ಲಿಟ್ಟು, ಅಂಗಿಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದಳು.

ಸಂಘದ ಕೋಣೆ ಮೋಟಾರು ಬಿಡಿಭಾಗಗಳ ಅಂಗಡಿಯೊಂದರ ಮೇಲಿದೆ. ಕಡಿದಾದ ಇಪ್ಪತ್ತಾರು ಮೆಟ್ಟಿಲು. ಅಮ್ಮನ ಮುಂದೆ ಹತ್ತುತ್ತಿದ್ದ ಬ್ಯಾಟರಿ ಮಾವ, ಮುದುಕರಿಗೆ ಮಹಡಿ ಮೇಲೆ ಜಾಗ ಹುಡುಕಿಕೊಟ್ಟವನು ಶತ್ರುದೇಶದವನೇ ಇರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮೂವತ್ತು ಮಡಿಸುವ ಕುರ್ಚಿಗಳು, ಗೋಡೆಗೆ ಹಳೆಯ ಗುಂಪು ಚಿತ್ರಗಳು, ಒಂದು ಮೈಕು. ಅದರ ಗುಂಡಿಯನ್ನು ಮಾವನೇ ನಾಲ್ಕು ಸಲ ತಟ್ಟಿ ನೋಡಿದರು. ಅಪ್ಪ ಇದ್ದಿದ್ದರೆ ಒಂದೇ ಸಲ ತಟ್ಟುತ್ತಿದ್ದರು. ಅಮ್ಮ ಮೊದಲ ಸಾಲಿನಲ್ಲಿ ತಮ್ಮನ ಪಕ್ಕ ಕೂತಳು. ಮಡಿಲಲ್ಲಿ ಮೊಮ್ಮಗಳು.

ನಾನು ಓದಿದೆ. ಗುಂಡಿಗಳ ಪರೀಕ್ಷೆಗೆ ಕೆಲವರು ನಕ್ಕರು. ಕೊನೆಯ ಪ್ಯಾರಾದಲ್ಲಿ ಆ ಸಾಲನ್ನು ಹೊಡೆದು ಬೇರೆ ಬರೆದಿದ್ದೆ. “ಅಂದು ಅವರು ಮೊಮ್ಮಗಳ ಚೀಲ ಹೊಲಿಯುತ್ತಿದ್ದರು. ಹೋಗುವ ಮೊದಲು ಹೇಳಿದರು. ನನಗೆ ಹೇಳಿದರು. ನಾನು ಮರಳಿ ಹೇಳಿದೆ, ಆದರೆ ಹೋಗಲಿಲ್ಲ.”

ತಮ್ಮ ತಲೆಯೆತ್ತಿ ನನ್ನನ್ನು ನೋಡಿದ. ಎಷ್ಟು ಜನಕ್ಕೆ ಕೇಳಿಸಿತೋ, ಎಷ್ಟು ಜನಕ್ಕೆ ಅರ್ಥವಾಯಿತೋ ಹೇಳಲಾರೆ. ನಾನು ಹಾಳೆ ಮಡಿಸುವುದನ್ನು ಕಂಡು ಓದು ಮುಗಿಯಿತು ಎಂದು ತಿಳಿದ ಬ್ಯಾಟರಿ ಮಾವ ಎದ್ದು ನಿಂತು, ತುಂಬು ಗಂಟಲಲ್ಲಿ “ತಲುಪಿತು” ಎಂದರು. ಅಪ್ಪನ ಜೊತೆಯವರಿಗೆಲ್ಲ ಆ ಅಭ್ಯಾಸವಿತ್ತು. ಒಬ್ಬೊಬ್ಬರಾಗಿ ಎದ್ದರು. ತಲುಪಿತು, ತಲುಪಿತು ಎಂದರು. ನಾನು ಅಮ್ಮನ ತುಟಿಗಳನ್ನೇ ನೋಡುತ್ತಿದ್ದೆ. ಅವಳು ಮೊಮ್ಮಗಳ ಅಂಗಿಯ ಗುಂಡಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡುತ್ತಿದ್ದಳು.

ಟೀ ಆಯಿತು. ಮಾವ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ಚೆನ್ನಾಗಿ ಓದಿದೆ ಕಣಮ್ಮ, ಒಂದಕ್ಷರ ಕೇಳಿಸಲಿಲ್ಲ ಎಂದರು. ಕಣ್ಣು ಒದ್ದೆಯಾಗಿತ್ತು. ಕೇಳಿಸಿತ್ತೋ ಏನೋ. ತಮ್ಮ ನನ್ನ ಜೊತೆ ಮಾತಾಡದೆ, ಗಾಡಿ ತೆಗೆಯುತ್ತೇನೆ ಎಂದು ಮಗುವನ್ನು ಎತ್ತಿಕೊಂಡು ಕೆಳಗಿಳಿದು ಹೋದ. ಅವನ ಹೆಂಡತಿಯೂ ಹಿಂದೆಯೇ ಹೋದಳು.

ಮೆಟ್ಟಿಲ ತುದಿಯಲ್ಲಿ ನಾನು, ಅಮ್ಮ ಇಬ್ಬರೇ ಉಳಿದೆವು. ಅವಳು ಗೋಡೆಗೆ ಕೈ ಆನಿಸಿ ಕೆಳಗೆ ನೋಡಿದಳು.

“ಬೆಳಿಗ್ಗೆಯಿಂದ ಎಡಗಡೆ ಮಂಡಿ ಹಿಡ್ಕೊಂಡಿದೆ,” ಎಂದಳು. “ಹತ್ತುವಾಗಲೇ ಕಷ್ಟ ಆಯ್ತು.”

“ಬೆಳಿಗ್ಗೆಯಿಂದ ಎಡಗಡೆ ಮಂಡಿ…” ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಶುರು ಮಾಡಿತ್ತು.

“ಮರಳಿ ಹೇಳ್ಬೇಡ,” ಎಂದಳು ಅಮ್ಮ. “ಕೈ ಕೊಡು.”

ಕೊಟ್ಟೆ. ಅವಳು ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದು, ತನ್ನ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ಮೊದಲ ಮೆಟ್ಟಿಲು ಇಳಿದಳು. ನೋಯುತ್ತಿತ್ತು. ಇನ್ನೂ ಇಪ್ಪತ್ತೈದು ಮೆಟ್ಟಿಲುಗಳಿದ್ದವು.